ಮೊದಲ ಸಲದ ಮುಖ

ಹಳೆಯ ಅಂತರಿಕ್ಷದ ಸಿನಿಮಾವೊಂದರ ಅಭಿಮಾನಿ ಸಂಘದಲ್ಲಿ ಆ ಸಿನಿಮಾವನ್ನೇ ನೋಡದೆ ಉಳಿದವಳು ವನಮಾಲಾ ಒಬ್ಬಳೇ. ಇವತ್ತು ನೋಡುತ್ತಾಳೆ. ಸಂಘದವರೆಲ್ಲ ಮದುವೆ ಮನೆಯಂಥ ಸಡಗರದಲ್ಲಿ ಟಾಕೀಸಿಗೆ ಬಂದದ್ದು ತೆರೆ ನೋಡಲಿಕ್ಕಲ್ಲ, ಮೊದಲ ಸಲ ನೋಡುವವಳ ಮುಖ ನೋಡಲಿಕ್ಕೆ.

"ಕೊನೇಲಿ ಏನಾಗುತ್ತೆ ಅಂತ ಯಾರಾದ್ರೂ ಬಾಯಿಬಿಟ್ರೆ ನೋಡಿ!" ಎಂದು ಗದರಿದರು ಅಧ್ಯಕ್ಷರು. ಇಪ್ಪತ್ತು ಸಲ ನೋಡಿದ್ದೇನೆ ಎಂದು ಎದೆ ತಟ್ಟಿಕೊಳ್ಳುವವರು ಅವರು. ಆಮೇಲೆ ವನಮಾಲಾಳ ಕಡೆ ತಿರುಗಿದರು. "ನೀವು ಕದ್ದು ನೋಡಿಲ್ಲ ತಾನೇ ಅಮ್ಮಾ?"

"ದೇವರಾಣೆ ಇಲ್ಲ ಸಾರ್."

ದೀಪ ಆರಿತು. ಕೊನೆಗೂ ಎಲ್ಲರೂ ಕಾಯುತ್ತಿದ್ದ ಆ ದೃಶ್ಯ ಬಂತು. ನೌಕೆಯ ಹೊರಗೆ ನಾಯಕನ ಕೈಯಿಂದ ಹಗ್ಗ ಜಾರಿತು. ಇಡೀ ಸಾಲು ವನಮಾಲಾಳ ಕಡೆ ತಿರುಗಿತು. ಪಕ್ಕದಲ್ಲಿದ್ದ ಅಧ್ಯಕ್ಷರು ಮಾತ್ರ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು.

"ಅಯ್ಯಯ್ಯೋ, ಇವ್ನು ಬದುಕ್ತಾನೇನಮ್ಮಾ?"

"ಬದುಕ್ತಾನೆ ಸಾರ್, ಸುಮ್ನಿರಿ. ಈಗ ನೌಕೆಯ ನಾಯಿ ಬಂದು ಹಗ್ಗ ಕಚ್ಚಿ ಹಿಡಿಯುತ್ತೆ."