ಬೇರುಸಹಿತ

ಕುಡುಕ ತೋಟದ ಬಾಗಿಲಿಗೆ ಅಡ್ಡ ನಿಂತುಬಿಟ್ಟಿದ್ದ.

ಎದುರಿಗೆ ಎಬೆನ್‌ಫೀಲ್ಡ್ ಊರಿನ ಮದ್ಯವರ್ಜನ ಸಂಘವೇ ಕೊಡಲಿ ಹಿಡಿದು ನೆರೆದಿತ್ತು. ಎಲ್ಲರಿಗಿಂತ ಮುಂದೆ ಅಧ್ಯಕ್ಷ, ಚರ್ಚಿನ ಹಿರಿಯ, ಡೀಕನ್ ಎಲ್ಕೇನಾ ಥ್ರೂಪ್. ಅವನ ಕೈಯಲ್ಲಿ ಮಾತ್ರ ಕೊಡಲಿ ಇರಲಿಲ್ಲ, ಕೀರ್ತನೆಯ ಪುಸ್ತಕವಿತ್ತು. ಕಡಿಯುವುದು ಊರವರ ಕೆಲಸ, ಕಡಿಸಿದ ಪುಣ್ಯ ತನ್ನದು ಎಂಬುದು ಅವನ ಲೆಕ್ಕ.

"ಅಜ್ಜ ನೆಟ್ಟ ಸೇಬಿನ ಮರ, ಡೀಕನ್ನರೇ. ಮುಟ್ಟಬೇಡಿ," ಎಂದು ಬಾಗಿಲಲ್ಲಿ ನಿಂತ ಬಾರ್ಜಿಲೈ ಪೆಕ್ ಅಂಗಲಾಚಿದ.

"ನಿಮ್ಮಜ್ಜ ನೆಟ್ಟಿದ್ದು ಮರ ಅಲ್ಲ ಕಣಯ್ಯ, ನಿನ್ನ ಗೋರಿ!"

ಹಿಂದೆ ನಿಂತಿದ್ದ ಹೆಂಗಸರು ಕಣ್ಣೊರೆಸಿಕೊಂಡರು. ಡೀಕನ್ ಈ ಮಾತನ್ನು ಬೆಳಿಗ್ಗೆ ಕನ್ನಡಿಯೆದುರು ಹೇಳಿ ನೋಡಿಕೊಂಡೇ ಬಂದಿದ್ದ.

ಆ ವರ್ಷ ಅಮೆರಿಕದ ಇಡೀ ವರ್ಮಾಂಟ್ ರಾಜ್ಯಕ್ಕೆ ಸುಧಾರಣೆಯ ಹುಚ್ಚು ಹಿಡಿದಿತ್ತು. ಸೇಬಿದ್ದರೆ ತಾನೇ ಸೇಬಿನ ಹೆಂಡ? ಮರವನ್ನೇ ಕಡಿದರಾಯಿತು! ನೆಗಡಿಯೆಂದು ಮೂಗು ಕೊಯ್ದುಕೊಂಡ ಜಾಣರು ಇವರೇ ಇರಬೇಕು. ಎಬೆನ್‌ಫೀಲ್ಡಿನಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತೋಟ ಕಡಿದು ಹಾಕಿದ್ದರು. ಕುಡಿಯುವ ಆಸೆಯನ್ನು ಮಾತ್ರ ಯಾರೂ ಕಡಿದುಕೊಂಡಿರಲಿಲ್ಲ. ಈಗ ಉಳಿದಿದ್ದದ್ದು ಪೆಕ್‌ನ ತೋಟವೊಂದೇ.

ಡೀಕನ್‌ಗೆ ಅದು ಬೇಕೇ ಬೇಕಿತ್ತು. ವಸಂತದಲ್ಲಿ ಜಿಲ್ಲಾ ಸಂಘದ ಅಧ್ಯಕ್ಷನ ಆಯ್ಕೆ. ಪಕ್ಕದ ಡನ್‌ಮೋರಿನ ಪಾದ್ರಿ ಆಗಲೇ ಒಬ್ಬ ಕುಡುಕನನ್ನು ವೇದಿಕೆಯ ಮೇಲೆ ಅಳಿಸಿ ಹೆಸರು ಮಾಡಿದ್ದ. ಥ್ರೂಪ್‌ಗೆ ಒಬ್ಬನಾದರೂ ಅಳುವ ಕುಡುಕ ಸಿಗದಿದ್ದರೆ ಆ ಕುರ್ಚಿ ಕೈತಪ್ಪಿದಂತೆಯೇ.

ಅಂಥ ಹೊತ್ತಿನಲ್ಲಿ ಪೆಕ್‌ನ ಹೆಂಡತಿ ಕೆಜಾಯ ತಾನಾಗಿಯೇ ಬಂದು, ಟೋಪಿಯ ಅಂಚಿನೊಳಗೆ ಮುಖ ಹುದುಗಿಸಿ ಅತ್ತಿದ್ದಳು. "ಹೊರಗೆ ತೋರಿಸ್ಕೊಳ್ಳಲ್ಲ ಡೀಕನ್ನರೇ, ಮನೆ ತೋಟದ ಒಳಗೇ ಕುಡೀತಾನೆ. ಆ ಮರಗಳು ಇರೋತನಕ ನಮ್ಮ ಸಂಸಾರ ಉದ್ಧಾರ ಆಗಲ್ಲ."

ಡೀಕನ್‌ಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಪೆಕ್ ಕುಡಿದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ ನಿಜ. "ಯಾರಿಗೂ ಕಾಣದ ಹಾಗೆ ಕುಡಿಯೋನೇ ಮಹಾ ಕುಡುಕ," ಎಂದು ಅವನು ಸಭೆಯಲ್ಲಿ ಸಾರಿದ್ದ. ಸಭೆ ತಲೆದೂಗಿತ್ತು. ತಲೆದೂಗುವುದು ಬಿಟ್ಟು ಆ ಸಭೆಗೆ ಬೇರೇನೂ ಗೊತ್ತಿರಲಿಲ್ಲ.

ಈಗ ತೋಟದ ಬಾಗಿಲಲ್ಲಿ ಪೆಕ್ ಕೊನೆಗೂ ಮೊಣಕಾಲೂರಿ ಕುಸಿದ. ದಾರಿ ಬಿಟ್ಟ. ಕೀರ್ತನೆ ಮೊಳಗಿತು, ಕೊಡಲಿಗಳು ಬಿದ್ದವು. ಸಂಜೆಯ ಹೊತ್ತಿಗೆ ಒಂದು ಮರವೂ ನಿಂತಿರಲಿಲ್ಲ. ಎಲ್ಲರೂ ಕೋಟು ಹಾಕಿಕೊಳ್ಳುತ್ತಿರುವಾಗ ಪೆಕ್ ಮತ್ತೆ ಗೋಳಾಡಿದ.

"ಮರ ಹೋಯ್ತು, ಬೇರು ಉಳೀತಲ್ಲ! ನಾಳೆ ಚಿಗುರಿದ್ರೆ ನನ್ನ ಗತಿ? ನನ್ನ ನಂಬಬೇಡಿ ಡೀಕನ್ನರೇ, ನಾನು ದುರ್ಬಲ."

"ಭೇಷ್! ಪಾಪನ ಬೇರುಸಹಿತ ಕೀಳಬೇಕು," ಎಂದ ಡೀಕನ್. ಮುಂದಿನ ಭಾಷಣಕ್ಕೆ ತಲೆಬರಹ ಸಿಕ್ಕಿತ್ತು.

ಮಾರನೆಯ ದಿನ ಎತ್ತು ಹೂಡಿ ಬುಡಗಳನ್ನು ಕಿತ್ತರು. ಬುಡದ ಜೊತೆ ಬಂಡೆಕಲ್ಲುಗಳು ಎದ್ದವು. ಆ ಕಲ್ಲುಗಳ ಮೇಲೆ ಕೂತೇ ಕುಡಿಯುತ್ತಿದ್ದೆನೆಂದು ಪೆಕ್ ಮುಖ ಮುಚ್ಚಿಕೊಂಡ. ಅವನ್ನೂ ಎಳೆದು ತೊರೆಯ ದಂಡೆಗೆ ಹಾಕಿದರು. ಕೊಂಬೆಗಳು ಕಣ್ಣಿಗೆ ಬಿದ್ದರೆ ಕರುಳು ಚುರುಕ್ ಎನ್ನುತ್ತದೆ ಎಂದ. ಒಲೆಯ ಅಳತೆಗೆ ಕಡಿದು ಒಟ್ಟಿದರು.

"ಇದೇನು ಪ್ರಾಯಶ್ಚಿತ್ತವೋ, ಬಿಟ್ಟಿ ಚಾಕರಿಯೋ?" ಎಂದು ಕಮ್ಮಾರ ಜೇಬೆಜ್ ಸೊಂಟ ಹಿಡಿದುಕೊಂಡು ಗೊಣಗಿದ.

"ಬಾಯ್ಮುಚ್ಚಿ ದುಡಿಯೋ, ಒಂದು ಆತ್ಮ ಉಳೀತಿದೆ," ಎಂದು ಡೀಕನ್ ಗದರಿದ.

ಗಂಟಲೊಣಗಿದವರಿಗೆ ಕೆಜಾಯ ತೊರೆಯ ನೀರು ತಂದು ಕೊಟ್ಟಳು. ಇಷ್ಟು ರುಚಿಯಾದ ನೀರು ಸುತ್ತ ಎಲ್ಲೂ ಇಲ್ಲ ಎಂದು ಎಲ್ಲರೂ ಹೊಗಳಿದರು. ಪೆಕ್ ಇನ್ನು ಕುಡಿಯುವುದಿಲ್ಲವೆಂಬ ಪ್ರತಿಜ್ಞೆಗೆ ಸಹಿ ಹಾಕಿದ. ಹೆಂಗಸರು ಇನ್ನೊಮ್ಮೆ ಅತ್ತರು.

ಚಳಿಗಾಲವಿಡೀ ಡೀಕನ್ ಊರೂರು ಸುತ್ತಿ ಈ ಕಥೆ ಹೇಳಿದ. ಹೇಳಿದಂತೆಲ್ಲ ಅದಕ್ಕೆ ಬಾಲ ಬೆಳೆಯಿತು. ಕೊನೆಕೊನೆಗೆ ಕಥೆಯೊಳಗಿನ ಪೆಕ್ ಹೆಂಡತಿಯನ್ನು ಮಚ್ಚು ಹಿಡಿದು ಅಟ್ಟಿಸಿಕೊಂಡು ಹೋಗತೊಡಗಿದ್ದ. ವಸಂತ ಬಂತು. ಆಯ್ಕೆಯ ದಿನ ಬೆಳಿಗ್ಗೆ ಡೀಕನ್ ಜಿಲ್ಲೆಯ ಪ್ರತಿನಿಧಿಗಳನ್ನೆಲ್ಲ ಗಾಡಿಗಳಲ್ಲಿ ತುಂಬಿಕೊಂಡು, ತಾನು ಗೆದ್ದ ಜಾಗ ತೋರಿಸಲು ಹೊರಟ. ಡನ್‌ಮೋರಿನ ಪಾದ್ರಿಯನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಹೊಟ್ಟೆ ಉರಿಯಬೇಕಾದವನು ಹತ್ತಿರವಿದ್ದರೆ ಚೆಂದ.

ಮರಗಳಿದ್ದ ಜಾಗ ಈಗ ಅಂಗೈಯಂತೆ ಸಮತಟ್ಟಾಗಿ, ಧಾನ್ಯದ ಬಿತ್ತನೆಗೆ ಸಿದ್ಧವಾಗಿತ್ತು. ತೊರೆಯ ದಂಡೆಯಲ್ಲಿ ಅದೇ ಬಂಡೆಕಲ್ಲಿನಿಂದ ಕಟ್ಟಿದ ಹೊಸ ಕಟ್ಟಡ ನಿಂತಿತ್ತು. ಅದರ ಪಕ್ಕದಲ್ಲಿ ಸೇಬಿನ ಕಟ್ಟಿಗೆಯ ಒಟ್ಟಿಲು ಅರ್ಧ ಕರಗಿತ್ತು.

"ಪ್ರಾರ್ಥನಾ ಮಂದಿರ ಇರಬೇಕು!" ಎಂದರು ಯಾರೋ.

ಡೀಕನ್‌ಗೂ ಅದು ಹೊಸದೇ. ಆದರೆ ಬಂದ ಪುಣ್ಯವನ್ನು ಬೇಡವೆನ್ನುವ ಅಭ್ಯಾಸ ಅವನಿಗಿರಲಿಲ್ಲ. "ಹೌದೌದು. ನಾನೇ ಮುಂದೆ ನಿಂತು ಜಾಗ ಮಾಡಿಸ್ಕೊಟ್ಟೆ. ಒಂದೊಂದು ಕಲ್ಲಲ್ಲೂ ನಮ್ಮ ಸಂಘದ ಬೆವರಿದೆ."

"ಪ್ರಾರ್ಥನೆಗೆ ಇಷ್ಟೆತ್ತರದ ಹೊಗೆಗೂಡು ಯಾಕೋ?" ಎಂದ ಡನ್‌ಮೋರಿನ ಪಾದ್ರಿ.

"ಚಳಿಗೆ," ಎಂದು ಡೀಕನ್ ಥಟ್ಟನೆ ಹೇಳಿದ. ಪ್ರತಿನಿಧಿಗಳು ಚಪ್ಪಾಳೆ ತಟ್ಟಿದರು.

ಪೆಕ್ ಹೊರಗೆ ಬಂದ. ನೆಟ್ಟಗೆ ನಿಂತು, ಟೋಪಿ ತೆಗೆದು ಎಲ್ಲರಿಗೂ ವಂದಿಸಿದ.

"ನಾನು ಹುಟ್ಟಿದಾಗಿಂದ ಒಂದು ತೊಟ್ಟೂ ಮುಟ್ಟಿದೋನಲ್ಲ, ಡೀಕನ್ನರೇ," ಎನ್ನುತ್ತ ಅವನು ತನ್ನ ಹೊಸ ವಿಸ್ಕಿ ಭಟ್ಟಿಯ ಬಾಗಿಲನ್ನು ಅಗಲಕ್ಕೆ ತೆರೆದ, "ಆದ್ರೆ ನೀವು ಹೆಂಡದ ಮರ ಒಂದೂ ಉಳಿಸದ ಹಾಗೆ ಕಡಿಸಿದ್ಮೇಲೆ, ಪಾಪ, ಊರವರು ಏನಾದ್ರೂ ಕುಡೀಬೇಕಲ್ಲ?"