ಹಸಿ ಸೇಬು

ತಮ್ಮನ ಸೂಪಿನ ಮೇಲೆ ಉದುರಿಸಿದ್ದ ಬಿಳಿ ಎಳೆಗಳು ಹಸಿ ಸೇಬಿನವು ಎಂದು ಅಕ್ಕನಿಗೆ ನೋಡಿದ ಕೂಡಲೇ ಗೊತ್ತಾಯಿತು. ಹೂವಿನ ಪರಾಗದ ಅಲರ್ಜಿಯ ಜೊತೆಗೆ ಹಸಿ ಸೇಬಿನದೂ ಇದ್ದ ಅವನಿಗೆ ಬೇಯಿಸಿದ ಸೇಬು ಒಗ್ಗುತ್ತಿತ್ತು. ಹಸಿಯದು ನಾಲಿಗೆಗೆ ತಾಗಿದರೆ ಸಾಕು, ತುಟಿ ಊದಿಕೊಂಡು ಗಂಟಲು ಕಟ್ಟುತ್ತಿತ್ತು. ಚಿಕ್ಕಂದಿನಿಂದ ಅವನ ತಟ್ಟೆ ಕಾದವಳು ಅವಳೇ.

ಈ ಪರದೇಶದ ಹೋಟೆಲಿನಲ್ಲಿ ಮಾತ್ರ ಅವನು ತಿನ್ನಬಹುದೇ ಎಂದು ಅಕ್ಕನನ್ನು ಕೇಳಿಯೂ ಇರಲಿಲ್ಲ. ಅವನ ಹೆಂಡತಿ ಇಲ್ಲಿನವರ ಭಾಷೆಯಲ್ಲಿ ಮಾಣಿಯೊಡನೆ ನಗುನಗುತ್ತಾ ಮಾತಾಡಿ, "ಎಲ್ಲಾ ಬೇಯಿಸಿದ್ದೇ ಅಂತೆ, ತಿನ್ನಿ" ಎಂದಿದ್ದಳು. "ಇವಳಿದ್ರೆ ನಂಗೆ ಯೋಚನೇನೇ ಇಲ್ಲ ಅಕ್ಕಾ" ಎಂದು ಅವನು ಬೀಗಿದ್ದ. ಅಕ್ಕನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತ್ತು. ತಿನ್ನಲಿ, ಇವಳ ಜಾಣತನ ಎಷ್ಟೆಂದು ಅವನಿಗೂ ತಿಳಿಯಲಿ ಎಂದುಕೊಂಡು ಅವಳು ಬಾಯಿ ಬಿಗಿಹಿಡಿದಳು.

ಚಮಚ ಅವನ ತುಟಿಯವರೆಗೂ ಹೋಯಿತು. ಅಕ್ಕನ ಕೈ ತಾನಾಗಿಯೇ ಮುಂದೆ ಹೋಗಿ ಅದನ್ನು ತಳ್ಳಿಬಿಟ್ಟಿತು. "ಹಸಿ ಸೇಬು ಕಣೋ!"

ಹೆಂಡತಿ ಬಿಳಿಚಿಕೊಂಡಳು. "ಅಯ್ಯೋ, ಮೇಲೆ ಉದುರಿಸೋದನ್ನ ಕೇಳೋಕೆ ಮರೆತೇಬಿಟ್ಟೆ" ಎನ್ನುತ್ತಾ ಅಕ್ಕನ ಕೈ ಹಿಡಿದುಕೊಂಡಳು. ಅಂಗಿಗೆ ಚೆಲ್ಲಿದ ಸೂಪು ಒರೆಸಿಕೊಳ್ಳುತ್ತಾ ತಮ್ಮ ನಕ್ಕ. "ನೋಡಿದ್ಯಾ? ನಮ್ಮಕ್ಕ ಕಂಡ ತಕ್ಷಣ ತಡೆದುಬಿಟ್ಲು!" ಬಂದಾಗಿನಿಂದ ಅಕ್ಕ ಕಾಯುತ್ತಿದ್ದುದು ಇಂಥದೊಂದು ಮಾತಿಗೇ. ಈಗ ಅದನ್ನು ಕೇಳಿಸಿಕೊಂಡು ತಲೆಯೆತ್ತಲು ಅವಳಿಂದಾಗಲಿಲ್ಲ.