ಪೆನ್ಯಾಸೋಲ್ ಕ್ಲಬ್ಬಿನ ಟೋಕಿಯೋ ಶಾಖೆ

ಶಿನಾಗಾವಾ ನಿಲ್ದಾಣದ ಗೇಟಿನ ಮುಂದೆ ಮಧುಕರ್ ನೀಲಿ-ಹಳದಿ ಮಫ್ಲರ್ ಸುತ್ತಿಕೊಂಡು ಬೆವರುತ್ತ ನಿಂತಿದ್ದ. ಮಫ್ಲರ್ ಪೆನ್ಯಾಸೋಲ್ ಫುಟ್‌ಬಾಲ್ ಕ್ಲಬ್ಬಿನದು. ಸ್ಪೇನಿನ ಯಾವುದೋ ಗುಡ್ಡದೂರಿನ ಆ ಪುಟ್ಟ ಕ್ಲಬ್ಬಿಗೆ ಈ ವರ್ಷ ನೂರು ತುಂಬಿತ್ತು. ಆ ಪ್ರಯುಕ್ತ ಟೋಕಿಯೋಗೆ ಬರುತ್ತಿದ್ದ ಅದರ ಅಧ್ಯಕ್ಷ ದೋನ್ ಆನ್ಸೆಲ್ಮೊ ಇನ್ನೇನು ರೈಲಿನಿಂದ ಇಳಿಯುವವರಿದ್ದರು. ಅಷ್ಟರೊಳಗೆ ಪಕ್ಕದಲ್ಲಿ ನಿಂತಿದ್ದ ತನ್ನ ಸಾಹೇಬರು ಹಸೆಗಾವಾ ಅವರಿಗೆ ಸತ್ಯ ಹೇಳಿಬಿಡಬೇಕಾಗಿತ್ತು.

ಸತ್ಯ ಇಷ್ಟೇ. ಮಧುಕರ್‌ಗೆ ಫುಟ್‌ಬಾಲ್ ಕಂಡರಾಗದು.

“ಇವತ್ತಾದ್ರೂ ಹೇಳ್ಬಿಡು ಮಧು,” ಎಂದು ಹೆಂಡತಿ ಇಂಚರಾ ಬೆಳಿಗ್ಗೆಯೇ ಕಡ್ಡಿ ಮುರಿದ ಹಾಗೆ ಹೇಳಿದ್ದಳು. “ಒಂಬತ್ತು ವರ್ಷದಿಂದ ನಂಗೊಂದು ಸಂಡೇ ಸಿಕ್ಕಿಲ್ಲ. ದಾಕ್ಷಿಣ್ಯಕ್ಕೆ ಬಸಿರಾಗೋದು ಅಂದ್ರೆ ಇದೇ. ನೀನು ಹೇಳ್ದಿದ್ರೆ ನಾನೇ ಹೇಳ್ತೀನಿ, ಜಪಾನೀಸ್‌ನಲ್ಲೇ.”

ಅವಳು ಹೇಳಿಬಿಡುವವಳೇ.

ಎಲ್ಲ ಶುರುವಾದದ್ದು ಕೆಲಸಕ್ಕೆ ಸೇರಿದ ಮೊದಲ ದಿನ. ಎಲ್ಲರೆದುರು ನಿಂತು ತನ್ನ ಪರಿಚಯ ಹೇಳಿಕೊಳ್ಳಬೇಕು. ಹೆಸರು, ಊರು ಆದಮೇಲೆ ಹವ್ಯಾಸ ಹೇಳಲೇಬೇಕು; ಜಪಾನಿನ ಕಚೇರಿಗಳಲ್ಲಿ ಅದು ತಪ್ಪಿಸಲಾಗದ ಶಾಸ್ತ್ರ. ಮಧುಕರ್‌ಗೆ ನಿದ್ದೆ ಬಿಟ್ಟರೆ ಬೇರೆ ಹವ್ಯಾಸವಿರಲಿಲ್ಲ. ವಿಭಾಗದ ಮುಖ್ಯಸ್ಥ ಹಸೆಗಾವಾ ಅವರ ಮೇಜಿನ ಮೇಲೊಂದು ಪುಟ್ಟ ಬಾವುಟ ಕಂಡಿತು. ಅದರ ಮೇಲಿದ್ದುದನ್ನೇ ಓದಿ, ‘ನಾನು ಪೆನ್ಯಾಸೋಲ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ’ ಎಂದುಬಿಟ್ಟ. ಸಾಹೇಬರಿಗೆ ಖುಷಿಯಾಗಲಿ ಎಂಬುದಷ್ಟೇ ಅವನ ಲೆಕ್ಕಾಚಾರ. ಹಸೆಗಾವಾ ಎದ್ದುಬಂದು, ಎರಡೂ ಕೈಗಳಿಂದ ಅವನ ಕೈ ಹಿಡಿದು, ಸೊಂಟ ಬಗ್ಗಿಸಿ ನಮಸ್ಕರಿಸಿದರು. ಮರುವಾರವೇ ಟೋಕಿಯೋ ಶಾಖೆ ಹುಟ್ಟಿತು. ಸದಸ್ಯರು ಇಬ್ಬರು.

ಅಂದಿನಿಂದ ಪ್ರತಿ ಭಾನುವಾರ ಸಂಜೆ ಇಬ್ಬರೂ ಒಂದು ಹೋಟೆಲಿನ ಮೂಲೆಯಲ್ಲಿ ಕೂತು ಪಂದ್ಯ ನೋಡುತ್ತಿದ್ದರು. ಕ್ಲಬ್ಬಿನವರು ಇವರಿಗೆಂದೇ ಮೊಬೈಲಿನಲ್ಲಿ ನೇರಪ್ರಸಾರ ಮಾಡುತ್ತಿದ್ದರು. ಆಟಗಾರರು ಮೊದಲು ಕ್ಯಾಮೆರಾದ ಕಡೆ ತಿರುಗಿ, ಜಪಾನಿಗಳ ಹಾಗೆ ಬಗ್ಗಿ ವಂದಿಸಿ ಆಟ ಶುರುಮಾಡುತ್ತಿದ್ದರು. ಮೈದಾನ ಎಷ್ಟು ಇಳಿಜಾರೆಂದರೆ ಚೆಂಡು ಆಗಾಗ ಹೊಳೆಗೆ ಉರುಳುತ್ತಿತ್ತು. ಎದುರಾಳಿ ಯಾವಾಗಲೂ ಅದೇ ಪಕ್ಕದೂರಿನ ತಂಡ. ಗೋಲ್‌ಕೀಪರ್‌ಗೆ ಈಚೆಗೆ ವಯಸ್ಸಾಗಿ, ಗೋಲಿನೊಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ.

ಹಸೆಗಾವಾ ವರ್ಷಕ್ಕೆರಡು ಬಾರಿ, ಬೇಸಿಗೆಗೊಮ್ಮೆ ವರ್ಷದ ಕೊನೆಗೊಮ್ಮೆ, ಸಂಪ್ರದಾಯದಂತೆ ಕ್ಲಬ್ಬಿಗೆ ಅಕ್ಕಿ ಬಿಸ್ಕತ್ತಿನ ಪೆಟ್ಟಿಗೆ ಕಳಿಸುತ್ತಿದ್ದರು. ಮಧುಕರ್ ಕ್ಲಬ್ಬಿನ ಇತಿಹಾಸವನ್ನು ಉರುಹೊಡೆದ. ಬ್ರೆಡ್ ಬೇಯಿಸುವ ನಾಲ್ವರು ಕ್ಲಬ್ ಕಟ್ಟಿದ್ದು, ಎದುರಾಳಿಗಳ ಬಸ್ಸು ಮಂಜಿನಲ್ಲಿ ದಾರಿ ತಪ್ಪಿದ್ದರಿಂದ ಒಂದೇ ಒಂದು ಕಪ್ ಗೆದ್ದದ್ದು, ಆ ಕಪ್ಪಿನಲ್ಲಿ ಊರವರು ಆಲಿವ್ ಉಪ್ಪಿನಕಾಯಿ ಹಾಕಿದ್ದು. ಕಚೇರಿಯ ಪಾರ್ಟಿಗಳಲ್ಲಿ ಅದನ್ನು ಹರಿಕಥೆಯಂತೆ ಹೇಳುತ್ತಿದ್ದ. ಹಸೆಗಾವಾ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಆ ಮನುಷ್ಯನಿಗೆ ಹೇಗೆ ಹೇಳುವುದು?

“ಹಸೆಗಾವಾ ಸಾನ್, ಸುಮಿಮಾಸೆನ್,” ಎಂದು ಕ್ಷಮೆ ಕೇಳಿದ ಮಧುಕರ್, ಕಣ್ಣು ನೆಲಕ್ಕೆ ನೆಟ್ಟು. “ನನಗೆ ಫುಟ್‌ಬಾಲ್ ಇಷ್ಟವಿಲ್ಲ. ಯಾವತ್ತೂ ಇರಲಿಲ್ಲ. ಆವತ್ತು ನಿಮ್ಮ ಮೇಜಿನ ಬಾವುಟ ನೋಡಿ ಹಾಗೆ ಹೇಳಿದೆ.”



“ಆ ಬಾವುಟ ನನ್ನದಲ್ಲ,” ಎಂದರು ಹಸೆಗಾವಾ. “ನನಗಿಂತ ಮುಂಚೆ ಆ ಮೇಜಿನಲ್ಲಿದ್ದವರು ಬಿಟ್ಟುಹೋದದ್ದು. ಎಸೆದರೆ ಅವರಿಗೆ ಬೇಜಾರಾಗಬಹುದು ಅಂತ ಇಟ್ಟುಕೊಂಡಿದ್ದೆ. ನೀವು ಅಷ್ಟು ದೂರದಿಂದ ಬಂದವರು, ಅಷ್ಟು ಪ್ರೀತಿಯಿಂದ ಆ ಹೆಸರು ಹೇಳಿದಿರಿ. ಪಾಪ, ಒಬ್ಬರೇ ಕೂತು ನೋಡುವ ಹಾಗಾಗಬಾರದು ಅಂತ…”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಹಸೆಗಾವಾ ಅವರ ಭುಜ ಕುಲುಕಿತು. ಆಮೇಲೆ ಇಬ್ಬರೂ ಕಂಬಕ್ಕೊರಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಮಧುಕರ್‌ಗೆ ಮುಂದಿನ ಭಾನುವಾರಗಳೆಲ್ಲ ಸಾಲಾಗಿ ನಿಂತು ಕೈಬೀಸಿದಂತಾಯಿತು. ಇಂಚರಾಗೆ ಫೋನ್ ಮಾಡಲು ಹೊರಟ.

ಅಷ್ಟರಲ್ಲಿ ಗೇಟಿನಿಂದ ದೋನ್ ಆನ್ಸೆಲ್ಮೊ ಬಂದರು. ಬಿಳಿ ಮೀಸೆಯ ಮುದುಕರು, ಕುತ್ತಿಗೆಯಲ್ಲಿ ಅದೇ ಮಫ್ಲರ್. ಇಬ್ಬರನ್ನೂ ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು.

ಹಸೆಗಾವಾ ಮೆಲ್ಲಗೆ ಮಧುಕರ್‌ನ ತೋಳು ಹಿಡಿದರು. “ಇವರಿಗೆ ಮಾತ್ರ ಹೇಳುವುದು ಬೇಡ.”

“ಖಂಡಿತ ಬೇಡ,” ಎಂದ ಮಧುಕರ್. ಬಾಣಲೆಯಿಂದ ಬೆಂಕಿಗೆ ಬಿದ್ದಾಗಿತ್ತು. ಆ ಮುದುಕರ ಮನಸ್ಸು ನೋಯಿಸಿ ಭಾನುವಾರ ಗಳಿಸುವಷ್ಟು ಕಟುಕ ಅವನಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡ.

ಹೋಟೆಲಿನಲ್ಲಿ ಮಧುಕರ್ ಎಂದಿಗಿಂತ ಹೆಚ್ಚು ಭಕ್ತಿಯಿಂದ ಬ್ರೆಡ್ಡಿನವರ ಕಥೆ ಹೇಳಿದ. ಹಸೆಗಾವಾ ಎಂದಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದರು. ಮುದುಕರು ಮಾತ್ರ ತಟ್ಟೆಯಲ್ಲಿದ್ದುದನ್ನು ಕೆದಕುತ್ತ ಕುಳಿತಿದ್ದರು. ಹರೆಯದಲ್ಲಿ ಲಂಡನ್ನಿನ ಹೋಟೆಲಿನಲ್ಲಿ ದುಡಿದವರಾದ್ದರಿಂದ ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಕೊನೆಗೆ ಗಂಟಲು ಸರಿಮಾಡಿಕೊಂಡರು.

“ನಮ್ಮ ಕ್ಲಬ್ಬಿನ ಇತಿಹಾಸದಲ್ಲಿ ನಿಮಗೆ ಗೊತ್ತಿಲ್ಲದ್ದು ಒಂದಿದೆ. ಒಂಬತ್ತು ವರ್ಷದ ಹಿಂದೆಯೇ ಊರೆಲ್ಲ ಸೇರಿ ಕ್ಲಬ್ ಮುಚ್ಚಿದ್ದೆವು. ಬಾಗಿಲಿಗೆ ಬೀಗ ಹಾಕಿದ ವಾರವೇ ಜಪಾನಿನಿಂದ ಬಿಸ್ಕತ್ತು ಬಂತು. ಅಷ್ಟು ದೂರದಲ್ಲಿ ಇಬ್ಬರು ಜೀವ ಇಟ್ಟುಕೊಂಡು ಕಾಯುತ್ತಿದ್ದಾರೆ ಅಂದಮೇಲೆ ಹೇಗೆ ಹೇಳೋದು? ಅವತ್ತಿನಿಂದ ಕ್ಷೌರಿಕ, ಪಾದ್ರಿ, ಹಲ್ಲಿನ ಡಾಕ್ಟರು, ಸಿಕ್ಕಸಿಕ್ಕವರನ್ನೆಲ್ಲ ಪ್ರತಿ ಭಾನುವಾರ ಮೈದಾನಕ್ಕೆ ಇಳಿಸುತ್ತಿದ್ದೇವೆ. ಪಕ್ಕದೂರಿನವರನ್ನು ಊಟ ಹಾಕಿ ಕರೆಸುತ್ತಿದ್ದೇವೆ. ಅವರ ಹೆಂಡಂದಿರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.”

ಮುದುಕರು ಕೈಮುಗಿದರು. “ನಿಮ್ಮ ಮನಸ್ಸಿಗೆ ನೋವಾಗುವುದಿಲ್ಲ ಅಂದರೆ, ನಾವು ಇನ್ನು ಆಟ ನಿಲ್ಲಿಸಬಹುದಾ?”